ಗುಡಿಸಿದ ಜಾಗ

ಸುಪ್ರಿಯಾ ಎದುರಿಗಿರುವವರ ಮುಖ ನೋಡಿ ಮಾತಾಡುವವಳು. ಆ ಮುಖ ಅರಳುವುದಾದರೆ ಇಲ್ಲದ್ದನ್ನು ಇದೆ ಎನ್ನುವಳು, ಬಾಡುವುದಾದರೆ ಇದ್ದದ್ದನ್ನು ನುಂಗಿಕೊಳ್ಳುವಳು. ಊರಿನವರು ಇದನ್ನು ಒಳ್ಳೆಯತನ ಎಂದುಕೊಂಡಿದ್ದರು. ಒಳ್ಳೆಯತನ ಬೇರೆ. ಇದಕ್ಕೆ ಸರಿಯಾದ ಹೆಸರು ಹೇಡಿತನ.

ಹೊಸನಗರ ತಾಲ್ಲೂಕಿನಲ್ಲಿ, ಹುಂಚದ ಬಸ್ಸಿನಿಂದ ಇಳಿದು ಒಳಗೆ ನಡೆಯಬೇಕಾದ ಮುಳ್ಳುಬೈಲು ಅವಳ ಊರು. ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಸ್ವಂತದ್ದಾಯಿತು. ಅಪ್ಪ ಮಂಜುನಾಥಪ್ಪ ಆ ಗದ್ದೆಯ ಜೊತೆಗೆ ಟಿಲ್ಲರ್ ಇಟ್ಟುಕೊಂಡು ಸುತ್ತಲಿನವರ ಉಳುಮೆಯನ್ನೂ ಮಾಡಿಕೊಡುತ್ತಿದ್ದ. ಪಿಯುಸಿ ಮುಗಿದಾಗ ಅವನಿಗೆ ಮಗಳು ನರ್ಸ್ ಆಗಬೇಕು ಅನ್ನಿಸಿತ್ತು, ತಾಯಿ ಜಲಜಮ್ಮನಿಗೆ ಟೀಚರ್ ಆಗಬೇಕು ಎಂದಿತ್ತು. ಸುಪ್ರಿಯಾ ಇಬ್ಬರಿಗೂ ಹೂಂ ಎಂದಳು. ಸಾಗರದ ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಸಿಕ್ಕಾಗ ಅಪ್ಪನ ಹತ್ತಿರ, "ಇದೂ ಆಸ್ಪತ್ರೆ ಕೆಲಸದ ಹಾಗೇನೇ ಅಪ್ಪ" ಎಂದಳು. ಅಮ್ಮನ ಹತ್ತಿರ, "ಇದನ್ನ ಓದಿದ್ರೆ ಲೆಕ್ಚರರ್ ಆಗಬಹುದಮ್ಮ" ಎಂದಳು. ಇಬ್ಬರೂ ತಾವು ಹೇಳಿದ್ದನ್ನೇ ಮಗಳು ಮಾಡಿದಳೆಂದು ಬೀಗಿದರು. ಅವಳಿಗೆ ಏನು ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಕೇಳಿದವರ ಮುಖ ನೋಡಿಯೇ ಉತ್ತರ ಹೇಳುತ್ತಿದ್ದಳು.

ಎಂ.ಎಸ್ಸಿ.ಯಲ್ಲಿ ಅವಳಿಗೆ ನಿಜವಾಗಿ ಹಿಡಿಸಿದ್ದು ಹುದುಗುವಿಕೆಯ ಕೆಲಸ. ಪಿಎಚ್.ಡಿ.ಗೆ ಸೇರಲು ಹೋದಾಗ ಮಾರ್ಗದರ್ಶಕಿ ಡಾಕ್ಟರ್ ವೇದಾವತಿ, "ನಿಮ್ಮ ಕಡೆ ಉಣುಗು ಬಹಳ ಅಲ್ಲವೇ? ಅದರ ಮೇಲೆ ಕೆಲಸ ಮಾಡುವವರನ್ನು ಹುಡುಕುತ್ತಿದ್ದೇನೆ" ಎಂದರು. ಸುಪ್ರಿಯಾ ಕಣ್ಣರಳಿಸಿ, "ನನಗೂ ಅದೇ ಆಸೆ ಇತ್ತು ಮೇಡಂ" ಎಂದುಬಿಟ್ಟಳು. ಹಾಗೆ ಅವಳ ವಿಷಯ ಗೊತ್ತಾಯಿತು. ದನಕರುಗಳ ಮೈಗೆ ಕಚ್ಚಿಕೊಳ್ಳುವ ಉಣುಗಿನ ಜೊಲ್ಲಿನಲ್ಲಿ ಒಂದು ಪ್ರೋಟೀನ್ ಇದೆ. ರಕ್ತ ಹೆಪ್ಪುಗಟ್ಟದಂತೆ ಅದು ನೋಡಿಕೊಳ್ಳುತ್ತದೆ. ಆ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ದನಕ್ಕೆ ಲಸಿಕೆಯಾಗಿ ಕೊಟ್ಟರೆ ಉಣುಗು ಹೊಟ್ಟೆ ತುಂಬ ಹೀರಲಾರದೆ ಉದುರಬಹುದೇ ಎಂಬುದು ಪ್ರಶ್ನೆ. ಒಳ್ಳೆಯ ಪ್ರಶ್ನೆ. ಸುಪ್ರಿಯಾ ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ದುಡಿದಳು. ಎಷ್ಟೆಂದರೂ ಬ್ಯಾಕ್ಟೀರಿಯಾಕ್ಕೆ ಮುಖವಿಲ್ಲ.

ಆ ಕೆಲಸಕ್ಕೆ ಮೊದಲು ಉಣುಗು ಬೇಕು. ಉಣುಗು ಹಿಡಿಯುವುದು ಬಿಳಿಯ ಫ್ಲಾನೆಲ್ ಬಟ್ಟೆಯಿಂದ. ಬಟ್ಟೆಯನ್ನು ಕಾಡಿನ ನೆಲದ ಮೇಲೆ ನಿಧಾನವಾಗಿ ಎಳೆದುಕೊಂಡು ಹೋದರೆ, ಯಾವುದಾದರೂ ಪ್ರಾಣಿ ಹಾದುಹೋಯಿತು ಎಂದುಕೊಂಡು ಉಣುಗು ಅದಕ್ಕೆ ಹತ್ತಿಕೊಳ್ಳುತ್ತವೆ. ಹೊಸನಗರ, ಸಾಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಉಣುಗಿನಲ್ಲಿ ಮಂಗನ ಕಾಯಿಲೆಯ ವೈರಸ್ ಇರಬಹುದಾದ್ದರಿಂದ, ಹಿಡಿದವುಗಳಲ್ಲಿ ಒಂದಷ್ಟನ್ನು ಮೊದಲು ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಬೇಕು. ಅದು ಅವಳ ಸಂಶೋಧನೆಯಲ್ಲ, ಸಂಶೋಧನೆಗೆ ಮುಂಚಿನ ಎಚ್ಚರಿಕೆ.

ಸುಪ್ರಿಯಾ ತನ್ನ ಊರಿನವರು ಸೊಪ್ಪು ತರುವ ಕಾಡಿಗೇ, ಸೊಪ್ಪಿನಬೆಟ್ಟಕ್ಕೇ ಬಂದಳು. ಚಳಿಗಾಲ ಶುರುವಾಗಿತ್ತು. ಊರಿನ ಹೆಂಗಸರು ಉದುರಿದ ಒಣ ಎಲೆ, ಅವರ ಮಾತಿನಲ್ಲಿ ದರಗು, ಗುಡಿಸಿ ಹೆಡಿಗೆಗಳಲ್ಲಿ ಹೊತ್ತು ತಂದು ದನದ ಕೊಟ್ಟಿಗೆಗೆ ಹಾಸುವ ಕಾಲ ಅದು. ಅವಳು ಮೊದಲು ಬಟ್ಟೆ ಎಳೆದದ್ದು ಲಂಟಾನ ಬೆಳೆದ ಕಡೆ. ಹತ್ತು ಹೆಜ್ಜೆಗೊಂದು ಸಲ ಮುಳ್ಳಿಗೆ ಸಿಕ್ಕಿ ಬಟ್ಟೆ ಹರಿಯಿತು, ದರಗಿನ ರಾಶಿಗೆ ಸಿಕ್ಕಿ ಮುದುಡಿತು. ಆಗ ಹೆಂಗಸರು ಗುಡಿಸಿಕೊಂಡು ಹೋಗಿದ್ದ ಇಳಿಜಾರು ಕಂಡಿತು. ಅಂಗಳದ ಹಾಗೆ ಚೊಕ್ಕಟವಾಗಿತ್ತು. ಅಲ್ಲಿ ಬಟ್ಟೆ ಸಲೀಸಾಗಿ ಜಾರಿತು. ಚಿಕ್ಕಂದಿನಿಂದ ಅದೇ ಜಾಗದಲ್ಲಿ ಅಮ್ಮನ ಹಿಂದೆ ಓಡಾಡಿ ಬೆಳೆದವಳು, ಬೆಟ್ಟವೆಂದರೆ ಅದೇ ಎಂದು ಅವಳ ಕಾಲಿಗೆ ಗೊತ್ತಿತ್ತು. ಹೊರಗಿನಿಂದ ಬಂದವನಾದರೆ ಗುಡಿಸಿದ ಜಾಗ ಯಾವುದು, ಗುಡಿಸದ ಜಾಗ ಯಾವುದು ಎಂದು ಕೇಳುತ್ತಿದ್ದನೇನೋ. ಇವಳಿಗೆ ಕೇಳಬೇಕೆಂದೇ ತೋಚಲಿಲ್ಲ. ಸಿಕ್ಕ ಉಣುಗಿಗೆ ಊರಿನ ಹೆಸರು ಹಚ್ಚಿ ಕಳಿಸಿದಳು. ಯಾವುದರಲ್ಲೂ ವೈರಸ್ ಇಲ್ಲ ಎಂದು ಉತ್ತರ ಬಂತು.

ಆ ವಾರ ಊರಿಗೆ ಬಂದಾಗ ಅಂಗಳದಲ್ಲಿ ಹೆಂಗಸರು ಸೇರಿದ್ದರು. ಅಪ್ಪನ ದೊಡ್ಡಪ್ಪನ ಮಗಳು ಹಾಲಮ್ಮ ಕಾಲು ಚಾಚಿ ಕೂತಿದ್ದಳು. ಗಂಡ ತೀರಿದ ಮೇಲೆ ತವರಿಗೆ ಬಂದು ನೆಲೆಸಿದವಳು, ಸುಪ್ರಿಯಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

"ಎಂತಾತೇ ನಿನ್ನ ಉಣುಗಿನ ಪರೀಕ್ಷೆ? ಪಾಸಾ ಫೇಲಾ?" ಎಂದಳು ಹಾಲಮ್ಮ.

"ಏನೂ ಇಲ್ಲಂತೆ ಅತ್ತೆ."

"ಏನೂ ಇಲ್ಲ ಅಂದ್ರೆ? ಉಣುಗೇ ಇಲ್ವಾ? ಮೊನ್ನೆ ನನ್ನ ಸೊಂಟದಲ್ಲಿ ಎರಡು ಕಚ್ಕಂಡು ಕೂತಿದ್ವಲ್ಲ, ಅವೆಂತ ನೆಂಟ್ರಾ?"

ಹೆಂಗಸರು ನಕ್ಕರು. ಸುಪ್ರಿಯಾ ಕೂಡ ನಕ್ಕು, "ಉಣುಗು ಇದಾವೆ ಅತ್ತೆ, ಕಾಯಿಲೆ ಇಲ್ಲ. ನಮ್ಮ ಬೆಟ್ಟದ್ದು ಎಲ್ಲ ನೆಗೆಟಿವ್ ಬಂದಿದೆ" ಎಂದಳು.

ಪಕ್ಕದ ಮನೆಯ ಮಹಾಲಕ್ಷ್ಮೀ ಕೈ ಮುಗಿದಳು. "ಬದುಕ್ದೆ ಮಾರಾಯ್ತಿ. ಹಂಗಾರೆ ಆ ದರಿದ್ರ ಎಣ್ಣೆ ಬಳ್ಕಳದು ತಪ್ತು. ಅದನ್ನ ಹಚ್ಕಂಡ್ರೆ ನಮ್ಮನೆಯವ್ರು ಹತ್ರನೇ ಬರಲ್ಲ, ಜಗಲಿಲಿ ಹೋಗಿ ಮಲಗ್ತಾರೆ."

"ಬ್ಯಾಡ ಬಿಡು, ನಿಂಗೂ ಒಂದಿಷ್ಟು ನಿದ್ದೆ ಆಗ್ತದೆ" ಎಂದಳು ಹಾಲಮ್ಮ. ಮತ್ತೆ ನಗು.

ಎಣ್ಣೆ ಎಂದರೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆ ಮನೆಮನೆಗೆ ಕೊಡುವ ಬಾಟಲಿ. ಸುಪ್ರಿಯಾ ಆಗ ಹೇಳಬೇಕಾಗಿದ್ದ ಮಾತು ಬಹಳ ಚಿಕ್ಕದು: ನಾನು ಹಿಡಿದವುಗಳಲ್ಲಿ ಇರಲಿಲ್ಲ, ಹಿಡಿಯದವುಗಳ ಸುದ್ದಿ ನನಗೆ ಗೊತ್ತಿಲ್ಲ, ಎಣ್ಣೆ ಬಿಡಬೇಡಿ. ಆ ಮಾತು ಅವಳ ಬಾಯಿಯವರೆಗೂ ಬಂದಿತ್ತು. ಸಂಶೋಧನೆಯ ಮೊದಲ ಪಾಠವೇ ಅದು. ಆದರೆ ಎದುರಿಗೆ ಅಷ್ಟೂ ಮುಖಗಳು ಅರಳಿದ್ದವು. ಇಷ್ಟು ವರ್ಷ ಏನು ಓದುತ್ತಾಳೋ ತಿಳಿಯದೆ ಸುಮ್ಮನೆ ಹೆಮ್ಮೆಪಟ್ಟಿದ್ದ ಊರಿಗೆ ಅವಳ ಓದಿನಿಂದ ಮೊದಲ ಸಲ ಏನೋ ಒಂದು ಸಿಕ್ಕಿತ್ತು. ಅವಳು ಎಣ್ಣೆ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಸುಮ್ಮನೆ ನಗುತ್ತಾ ನಿಂತಳು. ತಾನು ಮಾತ್ರ ಬಟ್ಟೆ ಎಳೆಯಲು ಹೋದಾಗಲೆಲ್ಲ ಅದೇ ಎಣ್ಣೆಯನ್ನು ಮೊಣಕಾಲಿನವರೆಗೆ ತಿಕ್ಕಿಕೊಂಡೇ ಬೆಟ್ಟ ಹತ್ತಿದ್ದಳು.

ಆಶಾ ಕಾರ್ಯಕರ್ತೆ ಯಶೋಧಾ ಅವಳನ್ನು ಬಸ್ಸಿನ ತಂಗುದಾಣದಲ್ಲಿ ಹಿಡಿದಳು. ಯಶೋಧಾ ಪಕ್ಕದ ಊರಿನವಳು, ಬಾಯಿ ಜೋರು, ಮುಳ್ಳುಬೈಲಿನವರಿಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಸ್ಕೂಟಿ ನಿಲ್ಲಿಸಿ ಇಳಿಯದೆಯೇ ಕೇಳಿದಳು.

"ಏನಮ್ಮಾ ವಿಜ್ಞಾನಿ, ಎಣ್ಣೆ ಬೇಡ ಅಂದ್ಯಂತೆ?"

"ಇಲ್ಲ ಯಶೋಧಕ್ಕ, ನಾನು ಹಾಗೆ ಹೇಳೇ ಇಲ್ಲ."

"ಮತ್ತೆ ಇವ್ರೆಲ್ಲ ನಿನ್ನ ಹೆಸ್ರು ಹೇಳ್ತಾರಲ್ಲ. ನಾನು ಬಾಟ್ಲಿ ತಗಂಡು ಹೋದ್ರೆ ಬಚ್ಚಲ ಗೂಡಲ್ಲಿ ಹಳೇದೇ ಹಂಗೇ ಕೂತದೆ. ಬೈದ್ರೆ ನನ್ನನ್ನೇ ಆಡ್ಕಂತಾರೆ. ನೀನೇ ಒಂದು ಮಾತು ಹೇಳು, ನಿನ್ನ ಮಾತು ಕೇಳ್ತಾರೆ."

"ಹೇಳ್ತೀನಕ್ಕ, ಖಂಡಿತ ಹೇಳ್ತೀನಿ" ಎಂದಳು ಸುಪ್ರಿಯಾ. ಯಶೋಧಾಳ ಮುಖ ಸಡಿಲವಾಯಿತು. ಬಸ್ಸು ಬಂತು. ಸುಪ್ರಿಯಾ ಹತ್ತಿದಳು. ಮುಂದೆ ಆ ಮಾತನ್ನು ಹೇಳುವ ಸಂದರ್ಭ ಒದಗಲೇ ಇಲ್ಲ ಎಂದು ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಳು. ಅವಳ ಕೈಯಲ್ಲಿ ಫೋನಿತ್ತು, ಹಾಲಮ್ಮನ ಕೈಯಲ್ಲೂ ಇತ್ತು.

ಎಳ್ಳಮಾಸೆ ಕಳೆದು ಸ್ವಲ್ಪ ದಿನಕ್ಕೆ ತಮ್ಮ ಲಿಖಿತ್ ಫೋನ್ ಮಾಡಿದ. "ಅಕ್ಕಾ, ಹಾಲತ್ತೆಗೆ ಜ್ವರ. ತಲೆ ಎತ್ತಕ್ಕಾಗ್ತಿಲ್ಲ, ಕಣ್ಣು ಕೆಂಡ ಆಗಿದೆ. ತೀರ್ಥಹಳ್ಳಿಗೆ ಕರ್ಕಂಡು ಬಂದಿದೀನಿ, ಇಲ್ಲಿ ರಕ್ತ ತಗಂಡ್ರು." ಮುಂದಿನ ಫೋನಿನಲ್ಲಿ, ಮಂಗನ ಕಾಯಿಲೆಯೇ ಎಂದು ಗೊತ್ತಾಗಿದೆ, ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಹೊರಟಿದ್ದೇವೆ ಎಂದ. "ನೀನು ಪರೀಕ್ಷೆ ಮಾಡಿದಾಗ ಇರ್ಲಿಲ್ವಲ್ಲಕ್ಕ, ಆಮೇಲೆ ಎಲ್ಲಿಂದ ಬಂತೋ ಏನೋ" ಎಂದೂ ಅಂದ. ಅವನು ಚುಚ್ಚಲು ಹೇಳಿದ್ದಲ್ಲ, ಅಕ್ಕನಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಆ ರಾಗ ಅವಳಿಗೆ ಗುರುತು ಸಿಕ್ಕಿತು. ಅದು ಅವಳದೇ ರಾಗ.

ಅವಳು ಮಾರ್ಗದರ್ಶಕಿಯ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ವೇದಾವತಿ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು.

"ಎಣ್ಣೆ ಹಚ್ಚಬೇಡಿ ಎಂದು ಹೇಳಿದೆಯಾ?"

"ಇಲ್ಲ ಮೇಡಂ."

"ನಮ್ಮ ಪ್ರಬಂಧದಲ್ಲಿ ಬೆಟ್ಟಕ್ಕೆ ಕಾಯಿಲೆ ಇಲ್ಲ ಎಂದು ಎಲ್ಲಾದರೂ ಬರೆದಿದ್ದೇವಾ?"

"ಇಲ್ಲ."

"ಹಾಗಾದರೆ ನಿನ್ನ ಕೆಲಸದಲ್ಲಿ ತಪ್ಪಿಲ್ಲ. ಬೇಸರ ಆಗುತ್ತದೆ, ಆಗಲಿ. ಅಂದಹಾಗೆ ಬಟ್ಟೆ ಎಳೆದ ಜಾಗ ಹೇಗಿತ್ತು? ಉಣುಗು ಬಹಳ ಕಡಿಮೆ ಸಿಕ್ಕಿತ್ತಲ್ಲ."

"ಚೊಕ್ಕಟವಾಗಿತ್ತು ಮೇಡಂ. ಹೆಂಗಸರು ಗುಡಿಸಿದ್ದರು, ಬಟ್ಟೆ ಸಲೀಸಾಗಿ..."

ವೇದಾವತಿ ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಉಣುಗು ಇರುವುದು ದರಗಿನ ಅಡಿಯಲ್ಲಿ. ದರಗು ಹೆಡಿಗೆಯಲ್ಲಿ ತುಂಬಿ, ಹೆಂಗಸರ ತಲೆಯ ಮೇಲೆ ಕೂತು, ಮನೆಗೆ ಹೋಗಿತ್ತು. ಅದರೊಳಗಿನ ಉಣುಗೂ ಹೋಗಿತ್ತು. ಸುಪ್ರಿಯಾ ಪರೀಕ್ಷೆ ಮಾಡಿದ್ದು ಖಾಲಿಯಾದ ನೆಲವನ್ನು.

ಊರಿಗೆ ಹೋಗಿ, ಇನ್ನೂ ಯಾರೂ ಗುಡಿಸದ ಮೇಲಿನ ಬದಿಗೆ ಒಬ್ಬಳೇ ಹತ್ತಿದಳು. ಬಟ್ಟೆ ಹರಿದರೂ ಬಿಡದೆ ಎಳೆದಳು. ತಿರುಗಿಸಿ ನೋಡಿದರೆ ಬಿಳಿಯ ಬಟ್ಟೆಯ ಮೇಲೆ ಎಳ್ಳು ಚೆಲ್ಲಿದಂತೆ ಮರಿ ಉಣುಗು ಹರಿದಾಡುತ್ತಿದ್ದವು. ಅವುಗಳಲ್ಲಿ ವೈರಸ್ ಇದೆಯೋ ಇಲ್ಲವೋ ಪ್ರಯೋಗಾಲಯ ಹೇಳಬೇಕಿತ್ತು. ಸುಪ್ರಿಯಾ ಅದಕ್ಕೆ ಕಾಯಬೇಕಾಗಿರಲಿಲ್ಲ. ಬಟ್ಟೆಯನ್ನು ಮಡಿಚಿ ಡಬ್ಬಿಗೆ ತುಂಬುವಾಗ ತನ್ನ ಕಾಲಿನಿಂದ ಬರುತ್ತಿದ್ದ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು.

ಹಾಲಮ್ಮ ಬದುಕಿ ಬಂದಳು. ಬಂದವಳು ಹೋದ ಹಾಲಮ್ಮನಲ್ಲ. ಕೂದಲು ಹಿಡಿಹಿಡಿಯಾಗಿ ಉದುರಿತ್ತು, ಕೈ ನಡುಗುತ್ತಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಸೀರೆಗೆ ಚೆಲ್ಲಿಕೊಂಡು ಕುಡಿಯುತ್ತಿದ್ದಳು. ಸುಪ್ರಿಯಾ ಬಂದು ಮಂಚದ ಅಂಚಿನಲ್ಲಿ ಕೂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು.

"ಅತ್ತೆ, ನಾನು ಅವತ್ತು ಹೇಳಿದ್ದು ತಪ್ಪು."

"ಸುಮ್ನಿರೇ" ಎಂದಳು ಹಾಲಮ್ಮ. ದನಿ ಸಣ್ಣದಾಗಿತ್ತು. "ಅದನ್ನೆಲ್ಲ ನಾವು ಆಗ್ಲೇ ಸರಿ ಮಾಡ್ಕಂಡಿದೀವಿ. ತಾಲ್ಲೂಕಿಂದ ಡಾಕ್ಟ್ರು ಕೇಳ್ಕಂಡು ಬಂದಿದ್ರು, ಎಣ್ಣೆ ಯಾಕೆ ಹಚ್ಕಂಡಿಲ್ಲ ಅಂತ. ಕೊಟ್ರೆ ತಾನೇ ಹಚ್ಕಳದು ಅಂದ್ವಿ. ಯಾರಿಗೂ ಕೊಟ್ಟೇ ಇಲ್ಲ ಅಂತ ಎಲ್ರೂ ಒಂದೇ ಮಾತು ಹೇಳಿದೀವಿ."

"ಯಶೋಧಕ್ಕ ಕೊಟ್ಟಿದ್ರಲ್ಲ ಅತ್ತೆ."

"ಕೊಟ್ಟಿದ್ಲು. ಅದಕ್ಕೇನೀಗ? ಅವಳು ಬಾಯಿಬಡಕಿ, ಎಲ್ಲಾದ್ರೂ ಬದುಕ್ತಾಳೆ. ಈ ಊರಲ್ಲಿ ಇಷ್ಟು ಓದಿದವಳು ನೀನೊಬ್ಳು. ನಿನ್ನ ಹೆಸ್ರು ಪೇಪರ್‌ನಲ್ಲಿ ಬಂದು, ಓದಿದ್ದೆಲ್ಲ ನೀರಲ್ಲಿ ಹೋಗ್ಬೇಕಾ? ನಾನು ಸತ್ರೂ ನಿನ್ನ ಹೆಸ್ರು ಎತ್ತಲ್ಲ." ನಡುಗುವ ಕೈಯಿಂದ ಅವಳ ಕೆನ್ನೆ ಸವರಿದಳು. "ನೀನು ಡಾಕ್ಟರ್ ಆಗದು ನಾ ನೋಡ್ಬೇಕು. ಆಗ್ತೀಯಲ್ಲ?"

"ಹೂಂ ಅತ್ತೆ" ಎಂದಳು ಸುಪ್ರಿಯಾ.

ಹೊರಗೆ ಬಂದಾಗ ಅಪ್ಪ ಟಿಲ್ಲರಿನ ಕೆಳಗಿಂದ ತಲೆ ಹೊರಗೆ ಹಾಕಿದ. ಅವನಿಗೂ ಎಲ್ಲ ಗೊತ್ತಿತ್ತು. "ಊರೇ ಒಂದಾಗಿ ನಿಂತಿದೆ. ನೀನು ಮಧ್ಯ ಬಾಯಿ ಹಾಕ್ಬೇಡ" ಎಂದ. ಅದುವರೆಗೆ ತನ್ನ ತಪ್ಪನ್ನು ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಅದನ್ನು ಊರೆಲ್ಲ ಹಂಚಿಕೊಂಡು, ಹೊರೆಯನ್ನು ಮಾತ್ರ ಹೊರಗಿನ ಒಬ್ಬಳ ತಲೆಯ ಮೇಲೆ ಹೊರಿಸಿತ್ತು. ಊರಿನವರು ಹೀಗೆ ಮಾಡಿದ್ದು ಅವಳ ಮೇಲಿನ ಪ್ರೀತಿಯಿಂದ. ಆ ಪ್ರೀತಿಯನ್ನು ಅವಳು ಜೀವಮಾನವಿಡೀ ಒಂದೊಂದೇ ಹೂಂ ಹೇಳಿ ಗಳಿಸಿದ್ದಳು. ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಅನ್ನ ಸೇರಲಿಲ್ಲ ಎಂಬುದರಿಂದ ಯಶೋಧಾಳಿಗೆ ಯಾವ ಉಪಕಾರವೂ ಆಗಲಿಲ್ಲ.

ಮೂರನೆಯ ದಿನ ವಿಚಾರಣೆ. ಅಂಗನವಾಡಿಯ ಜಗಲಿಯಲ್ಲಿ ತಾಲ್ಲೂಕಿನ ಡಾಕ್ಟರು ಕುರ್ಚಿ ಹಾಕಿಕೊಂಡು ಕೂತರು. ಹಾಲಮ್ಮನನ್ನು ಲಿಖಿತ್ ಕೈಹಿಡಿದು ಕರೆತಂದು ಎದುರಿಗೆ ಕೂರಿಸಿದ. ಯಶೋಧಾ ಗುಲಾಬಿ ಬಣ್ಣದ ಯೂನಿಫಾರ್ಮ್ ಸೀರೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಬಾಯಿ ಅಂದು ಜೋರಿರಲಿಲ್ಲ.

"ನೋಡಿ, ಈಕೆ ಎಣ್ಣೆ ಹಂಚಿದೀನಿ ಅಂತಾರೆ, ನೀವು ಇಲ್ಲ ಅಂತೀರಿ" ಎಂದರು ಡಾಕ್ಟರು. "ಹಂಚದೇ ಇದ್ರೆ ನಾನು ಈಕೆಯನ್ನ ಕೆಲಸದಿಂದ ತೆಗೀಲೇಬೇಕಾಗುತ್ತೆ. ಅದಕ್ಕೇ ಕೊನೇ ಸಲ ಕೇಳ್ತಿದೀನಿ."

"ಸಾರ್, ನಾನು ಮನೆ ಮನೆಗೆ ಹೋಗಿ ಕೊಟ್ಟಿದೀನಿ. ಬೈದು ಕೊಟ್ಟಿದೀನಿ. ಬೈದಿದ್ದಾದ್ರೂ ನೆನಪಿರ್ಬೇಕಲ್ಲ ಇವ್ರಿಗೆ" ಎಂದಳು ಯಶೋಧಾ.

"ಬೈದಿದ್ದು ನೆನಪಿದೆ" ಎಂದಳು ಮಹಾಲಕ್ಷ್ಮೀ. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಕಿಸಕ್ಕೆಂದರು.

ಡಾಕ್ಟರು ನಗಲಿಲ್ಲ. "ಎಣ್ಣೆ ಸಿಕ್ಕಿದವರು ಯಾರಾದ್ರೂ ಇದ್ರೆ ಕೈ ಎತ್ತಿ."

ಯಾರೂ ಎತ್ತಲಿಲ್ಲ. ಹೆಂಗಸರು ತಮ್ಮ ತಮ್ಮ ಕಾಲುಂಗುರ ನೋಡಿಕೊಂಡರು. ಯಶೋಧಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದು, ಸುಪ್ರಿಯಾಳ ಮುಖಕ್ಕೆ ಬಂದಾಗ ಅಲ್ಲಿ ನಿಲ್ಲದೆ ದೃಷ್ಟಿಯನ್ನು ಮುಂದಕ್ಕೆ ಸರಿಸಿದಳು. ಅವಳಿಂದ ಏನನ್ನೂ ನಿರೀಕ್ಷಿಸುವುದನ್ನು ಯಶೋಧಾ ಬಿಟ್ಟಿದ್ದಳು.

ಸುಪ್ರಿಯಾ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಕೈ ಎತ್ತಿದಳು.

ಜಲಜಮ್ಮ ಅವಳ ವೇಲ್ ಹಿಡಿದು ಜಗ್ಗಿ, "ಇಳಿಸೇ ಕೈ" ಎಂದು ಹಲ್ಲುಕಚ್ಚಿ ಪಿಸುಗುಟ್ಟಿದಳು.

"ನೀವು ಮಂಜುನಾಥಪ್ಪನವರ ಮಗಳಲ್ವಾ? ನೀವು ಊರಲ್ಲೇ ಇರಲ್ಲವಲ್ಲಮ್ಮ" ಎಂದರು ಡಾಕ್ಟರು.

"ಬಂದಾಗ ನನಗೂ ಕೊಟ್ಟಿದ್ರು ಸಾರ್. ಎಲ್ಲರಿಗೂ ಕೊಟ್ಟಿದ್ರು."

ಹಾಲಮ್ಮ ಕುರ್ಚಿಯಲ್ಲಿ ಹೊರಳಿ ನೋಡಿದಳು. ಸುಪ್ರಿಯಾಳನ್ನು ಕಂಡಾಗಲೆಲ್ಲ ಅರಳುತ್ತಿದ್ದ ಆ ಮುಖ ಈಗ ಗಂಟಿಕ್ಕಿಕೊಂಡಿತ್ತು.

"ಕೊಟ್ಟಿದ್ರೆ ಮತ್ತೆ ಇವರೆಲ್ಲ ಯಾಕೆ ಹಚ್ಕೊಳ್ಳಲಿಲ್ಲ?"

ಸುಪ್ರಿಯಾ ತಾಯಿಯ ಮುಷ್ಟಿಯಿಂದ ವೇಲನ್ನು ಬಿಡಿಸಿಕೊಂಡು ಎದ್ದಳು. ಡಾಕ್ಟರ ಕುರ್ಚಿಯ ಪಕ್ಕಕ್ಕೆ ನಡೆದು ಹೋಗಿ, ಊರಿನವರ ಮುಖಗಳೆಲ್ಲ ಕಾಣುವಂತೆ ತಿರುಗಿ ನಿಂತು, "ನನ್ನ ಮಾತು ನಂಬ್ಕೊಂಡು ಸಾರ್" ಎಂದಳು.